ದೇಣಿಗೆಯ ಪರ್ವತಾರೋಹಣಕ್ಕೆ ಮುಂಚಿನ ತರಬೇತಿ ಚಾರಣ: ಸೇರುವ ಮುನ್ನ ಏನು ನೋಡಬೇಕು?

ದೇಣಿಗೆ ಎತ್ತಲು ಪರ್ವತ ಹತ್ತುವವರಿಗಾಗಿ ಸಂಘಟಕರು ನಾಲ್ಕೈದು ತಿಂಗಳು ಮುಂಚಿನಿಂದ ತರಬೇತಿ ಚಾರಣಗಳನ್ನು ಇಟ್ಟುಕೊಳ್ಳುತ್ತಾರೆ. ಜತೆಗೆ ಅನುಭವಿ ಆರೋಹಿಗಳಿರುತ್ತಾರೆ. ಕೊಡುವ ಹಣಕ್ಕೆ ತಕ್ಕದ್ದೇ? ಬರೀ ದಮ್ಮು ಬೆಳೆಸಿಕೊಳ್ಳಲು ಆದರೆ ಬೇಡ, ಅದನ್ನು ದಿನಾ ಮೆಟ್ಟಿಲು ಹತ್ತಿಳಿದೂ ಗಳಿಸಬಹುದು. ನಿಮ್ಮ ನಡಿಗೆ, ಚೀಲ, ಬೂಟುಗಳನ್ನು ಬಲ್ಲವರೊಬ್ಬರು ಕಣ್ಣಿಟ್ಟು ನೋಡಿ ತಿದ್ದುತ್ತಾರೆ ಎಂದಾದರೆ ಸೇರಿ.

ಮೊದಲ ಅರ್ಧ ಗಂಟೆಯಲ್ಲೇ ಮುಂದಾಳಿನ ಗುಣ ಗೊತ್ತಾಗುತ್ತದೆ. ಹತ್ತುವಾಗ ಒಂದು ಪೂರ್ತಿ ವಾಕ್ಯ ಆಡಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಗಿದೆ ಎಂದೇ ಅರ್ಥ. ಬಲ್ಲವರು ಮಾತಾಡಿಸುತ್ತಲೇ ಇದನ್ನು ಅಳೆಯುತ್ತಾರೆ. ಕಳಪೆ ತಂಡದಲ್ಲಿ ಗಟ್ಟಿಗರು ಮುಂದೆ ಓಡಿ, ಕುಳಿತು ಸುಧಾರಿಸಿಕೊಂಡು, ಕೊನೆಯವರು ಬಂದು ತಲುಪಿದ ಕೂಡಲೇ ಎದ್ದು ಹೊರಡುತ್ತಾರೆ. ವಿಶ್ರಾಂತಿ ಯಾರಿಗೆ ಬೇಕೋ ಅವರಿಗೇ ಸಿಗುವುದಿಲ್ಲ. ಸಾಲಿನ ಕೊನೆಯಲ್ಲಿ ಒಬ್ಬ ಅನುಭವಿ ಇರಲೇಬೇಕು. ಸಮಯದ ಅಂದಾಜನ್ನೂ ಕೇಳಿ ನೋಡಿ. ಸ್ಕಾಟ್ಲೆಂಡಿನ ಆರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದಂತೆ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿ.ಮೀ. ದೂರ, 900 ಮೀಟರ್ ಏರು ಎಂದರೆ ವಿಶ್ರಾಂತಿ ಬಿಟ್ಟು ಸುಮಾರು 4 ಗಂಟೆ. ಹೊಸಬರಿಗೆ ಇದೂ ಬಿಗಿಯೇ. ಇದಕ್ಕಿಂತ ಕಡಿಮೆ ಹೇಳುವವರು ತಮ್ಮ ಕಾಲಿನ ಲೆಕ್ಕ ಹೇಳುತ್ತಿದ್ದಾರೆ.

ಈ ಸೇವೆಯ ನಿಜವಾದ ಬೆಲೆ ತಿಳಿಯುವುದು ಇಳಿಜಾರಿನಲ್ಲಿ. ಹೆಚ್ಚಿನವರು ತುದಿ ಮುಟ್ಟಿಸಿ, ಫೋಟೊ ತೆಗೆಸಿ, ಇಳಿಯುವುದನ್ನು ಹೇಗೋ ಮುಗಿಸಿಬಿಡುತ್ತಾರೆ. ದೇಣಿಗೆ ತಂಡಗಳು ಹೋಗುವ ಆಫ್ರಿಕಾದ ಕಿಲಿಮಂಜಾರೋವನ್ನೇ ತೆಗೆದುಕೊಳ್ಳಿ: ಬರಾಫು ಶಿಬಿರದಿಂದ ಹೊರಟವರು 5,895 ಮೀಟರಿನ ತುದಿಗೆ ಸುಮಾರು 1,200 ಮೀಟರ್ ಹತ್ತಿ, ಸಾಮಾನ್ಯವಾಗಿ ಅದೇ ದಿನ ಮ್ವೆಕಾ ಶಿಬಿರದ ತನಕ ಸುಮಾರು 2,800 ಮೀಟರ್ ಇಳಿಯುತ್ತಾರೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಮರುದಿನ, ಅದರ ಮರುದಿನ ಕಾಲು ಹಿಡಿದುಕೊಳ್ಳುವುದು ಅದಕ್ಕೇ. ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಇಳಿಜಾರಿಗೆ ಅಷ್ಟಾಗಿ ನೋಯುವುದಿಲ್ಲ. ಹಾಗಾಗಿ ಉದ್ದ ಇಳಿಜಾರಿನ ಕೊನೆಯ ಚಾರಣ ಪ್ರಯಾಣಕ್ಕೆ ಎರಡು ವಾರ ಮುಂಚೆ ಇರಲಿ. ಹೊರಡುವ ಹಿಂದಿನ ವಾರಾಂತ್ಯಕ್ಕೆ ಇಟ್ಟಿದ್ದರೆ ಕಾಲುನೋವಿನೊಂದಿಗೇ ಹೊರಡಬೇಕಾಗುತ್ತದೆ.

ಅನುಭವಿಗಳು ಇಲ್ಲಿ ತಿದ್ದಬೇಕಾದ್ದು ಬಹಳ. ಹೆಜ್ಜೆ ಚಿಕ್ಕದಿರಬೇಕು, ಮಂಡಿ ಪೂರ್ತಿ ನೆಟ್ಟಗಾಗಬಾರದು. ಹೆದರಿ ಹಿಂದಕ್ಕೆ ವಾಲಿದರೆ ಹಿಮ್ಮಡಿ ಜಾರಿ ಕುಕ್ಕರಿಸುವುದು ಖಾತ್ರಿ. ಪೋಲನ್ನು (ಚಾರಣದ ಊರುಗೋಲನ್ನು) ಹತ್ತುವಾಗಿನದಕ್ಕಿಂತ 5–10 ಸೆಂ.ಮೀ. ಉದ್ದ ಮಾಡಿ, ಅದರ ಪಟ್ಟಿಯೊಳಗೆ ಕೈಯನ್ನು ಕೆಳಗಿನಿಂದ ತೂರಿಸಬೇಕು. ಬೂಟಿನ ಲೇಸನ್ನು ಕಣಕಾಲಿನ ಹತ್ತಿರ ಮತ್ತೆ ಬಿಗಿಯದಿದ್ದರೆ ಪಾದ ಮುಂದಕ್ಕೆ ಜಾರಿ, ಬೆರಳು ಬಡಿದು ಉಗುರು ಕಪ್ಪಾಗುತ್ತದೆ.

ಚೀಲ ಬಿಚ್ಚಿಸಿ ನೋಡದ ಮುಂದಾಳು ಅರ್ಧ ಕೆಲಸ ಬಿಟ್ಟಂತೆ. ಹಮಾಲರಿರುವ ಆರೋಹಣವಾದರೆ ಶುರುವಿಗೆ 3–4 ಕೆ.ಜಿ., ಕೊನೆಗೆ 6–8 ಕೆ.ಜಿ. ಸಾಕು, ಮೊದಲ ವಾರವೇ 15 ಕೆ.ಜಿ. ಹೊರಿಸುವುದು ಬರೀ ಶೌರ್ಯಪ್ರದರ್ಶನ. ಭಾರಕ್ಕೆ ನೀರೇ ಒಳ್ಳೆಯದು, ಮಂಡಿ ನೋಯತೊಡಗಿದರೆ ಚೆಲ್ಲಿ ಹಗುರಾಗಬಹುದು. ಹೊಸ ಬೂಟಿನ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ವರ್ಷಗಟ್ಟಲೆ ಕಪಾಟಿನಲ್ಲಿದ್ದ ಬೂಟಿನ ಬಗ್ಗೆ ಹೇಳುವವರು ಕಡಿಮೆ. ಪಾಲಿಯುರಿಥೇನ್ ಅಟ್ಟೆ ಗಾಳಿಯ ತೇವಕ್ಕೇ ಹಾಳಾಗಿ, ದಾರಿಯ ನಡುವೆ ಕಳಚಿಕೊಳ್ಳುತ್ತದೆ. ಪಾದದಲ್ಲಿ ಉರಿ ಶುರುವಾದ ಕ್ಷಣವೇ ತಂಡ ನಿಲ್ಲಿಸಿ ಟೇಪ್ ಹಾಕಿಸಬೇಕು, ಗುಳ್ಳೆ ಎದ್ದ ಮೇಲಲ್ಲ. ಒಂದು ಚಾರಣ ಮಳೆಯಲ್ಲಿ, ಇನ್ನೊಂದು ಹೆಡ್‌ಟಾರ್ಚ್ ಬೆಳಕಿನಲ್ಲಿ ಆಗಿರಲಿ.

ಒಂದು ವಿಷಯದಲ್ಲಿ ಮಾತ್ರ ಜಾಹೀರಾತನ್ನು ನಂಬಬೇಡಿ. ತಗ್ಗಿನ ಬೆಟ್ಟ ಎಷ್ಟೇ ಹತ್ತಿದರೂ ಎತ್ತರದ ಕಾಯಿಲೆಗೆ (ತೆಳು ಗಾಳಿಯಿಂದ ಬರುವ ತಲೆನೋವು, ವಾಕರಿಕೆಗೆ) ಅದು ತಡೆಯಲ್ಲ, ಮ್ಯಾರಥಾನ್ ಓಡುವವರಿಗೂ ಬರುತ್ತದೆ. ಇದ್ದುದರಲ್ಲಿ ಕಾಯುವುದು ನಿಧಾನದ ಏರಿಕೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು, 3–4 ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಮುಖ್ಯ ಆರೋಹಣದ ದಿನಚರಿಯನ್ನು ಇದಕ್ಕೆ ಹೋಲಿಸಿ ನೋಡಿ.

ದೇಣಿಗೆಯ ಆರೋಹಣಕ್ಕೇ ಅಂಟಿದ ತೊಡಕು ಇನ್ನೊಂದಿದೆ. ಹತ್ತಾರು ಜನರಿಂದ ಹಣ ಪಡೆದವರು ತಲೆನೋವು, ವಾಕರಿಕೆಗಳನ್ನು ಬಚ್ಚಿಟ್ಟುಕೊಂಡು ಹತ್ತುತ್ತಾರೆ. ಇಷ್ಟು ಗಂಟೆಗೆ ಎಲ್ಲಿದ್ದರೂ ವಾಪಸ್ಸು ಎಂದು ಮೊದಲೇ ಹೇಳಿ, ತರಬೇತಿಯಲ್ಲಿ ಒಮ್ಮೆಯಾದರೂ ತುದಿ ಮುಟ್ಟದೆ ತಂಡವನ್ನು ತಿರುಗಿಸುವ ಮುಂದಾಳು ಸಿಕ್ಕರೆ ಬಿಡಬೇಡಿ. ಹಣ ಕಟ್ಟುವ ಮುನ್ನ ಬರಹದಲ್ಲಿ ಕೇಳಿ: ಚಾರಣಗಳ ಖರ್ಚು ದೇಣಿಗೆಯಿಂದ ಹೋಗುತ್ತದೆಯೇ, ಒಬ್ಬ ಮುಂದಾಳಿಗೆ ಎಷ್ಟು ಜನ, ಪ್ರಥಮ ಚಿಕಿತ್ಸೆ ಕಲಿತವರು ಯಾರು, ನೀವಿನ್ನೂ ಸಿದ್ಧರಿಲ್ಲ ಎಂದು ಮುಂದಾಳು ಹೇಳಿದರೆ ಮುಂದಿನ ತಂಡಕ್ಕೆ ಸೇರಿಸಿಕೊಳ್ಳುತ್ತಾರೆಯೇ, ಅಷ್ಟರಲ್ಲಿ ಕೂಡಿಸಿದ ದೇಣಿಗೆ ಏನಾಗುತ್ತದೆ.