ಆರು ವಾರದ ಮನೆ ಚೇತರಿಕೆ ಸೇವೆ: ಕೈಕಟ್ಟಿ ನಿಲ್ಲಬಲ್ಲವರು ಸಿಕ್ಕರೆ ಮಾತ್ರ

ಕಾಯಿಲೆಯಿಂದ ಎದ್ದವರಿಗೆ ಮನೆಗೇ ಬಂದು ಕೆಲವು ವಾರ ನೆರವಾಗುವ ಈ ಸೇವೆಯನ್ನು ಹೋಮ್ ನರ್ಸಿಂಗ್ ಎಂದುಕೊಂಡರೆ ನಿರಾಸೆಯಾಗುತ್ತದೆ. ಅಲ್ಲಿ ಸ್ನಾನ ಮಾಡಿಸುತ್ತಾರೆ. ಇಲ್ಲಿ ರೋಗಿಯೇ ಸ್ನಾನ ಮಾಡಿಕೊಳ್ಳುವ ಹಾಗೆ ಮಾಡಬೇಕು.

ಸೇವೆಯ ಗುಣ ಮೊದಲ ಭೇಟಿಯಲ್ಲೇ ತಿಳಿಯುತ್ತದೆ. ಒಳ್ಳೆಯ ಫಿಸಿಯೊಥೆರಪಿಸ್ಟ್ ಅಳತೆ ಬರೆದಿಟ್ಟುಕೊಳ್ಳುತ್ತಾರೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ 3 ನಿಮಿಷದೊಳಗೆ ಮತ್ತೊಮ್ಮೆ ಬಿಪಿ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ತಲೆಸುತ್ತಿಗೆ ಕಾರಣ ನಿಶ್ಶಕ್ತಿಯೊಂದೇ ಅಲ್ಲ. ಮಾತ್ರೆಗಳೂ ಕಾರಣವಾಗಿರಬಹುದು, ಅವುಗಳ ಚೀಟಿ ವೈದ್ಯರ ಕಣ್ಣಿಗೆ ಬೀಳಬೇಕು. ಇದ್ಯಾವುದನ್ನೂ ಮಾಡದವರು ಕೊನೆಗೆ 'ಸುಧಾರಿಸಿದ್ದಾರೆ' ಎಂದು ಬರೆದುಕೊಟ್ಟರೆ ಅದಕ್ಕೇನು ಬೆಲೆ?

ವಾಕರ್ ಕೊಟ್ಟರೆ ಎತ್ತರ ಸರಿಮಾಡಿಯೇ ಹೋಗಬೇಕು. ನೆಟ್ಟಗೆ ನಿಂತು ತೋಳು ಇಳಿಬಿಟ್ಟಾಗ ವಾಕರ್‌ನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಎತ್ತರವಾದರೆ ಭುಜ ಸೆಟೆಯುತ್ತದೆ, ತಗ್ಗಾದರೆ ಬೆನ್ನು ಬಾಗುತ್ತದೆ. ವಾಕರ್ ಕಾಲಿನ ರಬ್ಬರ್ ಸವೆದಿದ್ದರೆ ಒದ್ದೆ ನೆಲದಲ್ಲಿ ಜಾರುತ್ತದೆ. ಇದಕ್ಕಿಂತ ಹೆಚ್ಚು ಕಾಣುವ ತಪ್ಪೆಂದರೆ ವಾಕರ್ ಹಿಡಿದು ಎಳೆದುಕೊಂಡು ಏಳುವುದು. ಅದು ರೋಗಿಯ ಮೇಲೇ ವಾಲುತ್ತದೆ. ಕುರ್ಚಿಯ ಅಂಚಿಗೆ ಸರಿದು, ಪಾದ ಹಿಂದಕ್ಕೆಳೆದು, ಮುಂದೆ ಬಾಗಿ, ಕುರ್ಚಿಯ ಕೈಗಳನ್ನು ಒತ್ತಿ ಎದ್ದ ಮೇಲಷ್ಟೇ ವಾಕರ್‌ಗೆ ಕೈ ಹಾಕಬೇಕು. ಮೆತ್ತನೆಯ ತಗ್ಗು ಸೋಫಾದಿಂದ ಹೀಗೆ ಏಳುವುದು ಗಟ್ಟಿಮುಟ್ಟಾದವರಿಗೂ ಸುಲಭವಲ್ಲ.

ಸೇವೆ ಕೆಡುವುದು ಬಹುತೇಕ ಸಹಾಯಕರ ಅವಸರದಿಂದ. ಅಂಗಿ ತೊಡಿಸಲು ಎರಡು ನಿಮಿಷ ಸಾಕು, ರೋಗಿಯೇ ತೊಡಲು ಹತ್ತು ಬೇಕು. ಭೇಟಿಯೇ ಅರ್ಧ ಗಂಟೆಯದ್ದಾದರೆ ಸಹಾಯಕರು ಯಾವುದನ್ನು ಆರಿಸಿಕೊಳ್ಳುತ್ತಾರೆ ಎನ್ನುವುದು ಗೊತ್ತೇ ಇದೆ. ಬಲವಿಲ್ಲದ ಕೈ ಅಂಗಿಯ ತೋಳಿಗೆ ಮೊದಲು ಹೋಗಬೇಕು, ಬಿಚ್ಚುವಾಗ ಕೊನೆಗೆ ಬರಬೇಕು ಎಂದು ಹೇಳಿಕೊಟ್ಟು ಸುಮ್ಮನೆ ಕಾಯುವುದೇ ಈ ಕೆಲಸದ ಕಸುಬು. ಮೊದಲ ವಾರ ಪಕ್ಕದಲ್ಲಿ, ಮೂರನೆಯ ವಾರ ಬಾಯಿಮಾತಿನಲ್ಲಿ, ಐದನೆಯ ವಾರ ಬಾಗಿಲಾಚೆ. ನಾಲ್ಕನೆಯ ವಾರದಲ್ಲೂ ನೆರವು ಮೊದಲಿನಷ್ಟೇ ಇದ್ದರೆ, ಒಂದೋ ಗುರಿಯನ್ನು ಬದಲಿಸಬೇಕು, ಇಲ್ಲವೇ ಸಹಾಯಕರನ್ನು.

ಇನ್ನೊಂದು ಮಾತು: ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕುವುದು ಬೇಡ. ರಕ್ತ ಹೆಪ್ಪುಗಟ್ಟಿರಬಹುದು, ವ್ಯಾಯಾಮ ನಿಲ್ಲಿಸಿ ತಕ್ಷಣ ವೈದ್ಯರಿಗೆ ತಿಳಿಸಬೇಕು. ಇದು ಗೊತ್ತಿಲ್ಲದೆ ಎಣ್ಣೆ ಹಚ್ಚಲು ಹೊರಡುವ ಸಹಾಯಕರಿದ್ದಾರೆ.

ಒಪ್ಪಿಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ: ಕೊನೆಯ ವಾರ ಫಿಸಿಯೊಥೆರಪಿಸ್ಟ್ ಬಂದು ಮೊದಲ ದಿನದ ಅಳತೆಗಳನ್ನೇ ಮತ್ತೆ ತೆಗೆಯುತ್ತಾರೆಯೇ? ಆ ಹಾಳೆಯ ಪ್ರತಿ ಮನೆಯವರಿಗೂ ಸಿಗುತ್ತದೆಯೇ?