ವಾರಕ್ಕೊಂದು ಖಾಲಿ ಹಾಳೆ: ಮೆಡಿಕಲ್ ಟ್ಯೂಷನ್ ಸೇವೆಯೊಂದನ್ನು ಎರಡು ವರ್ಷ ಬಳಸಿದ ಮೇಲೆ

ಇಂಥ ಟ್ಯೂಷನ್ ಸೇವೆಗಳಲ್ಲಿ ಯಾವ ಪ್ಯಾಕೇಜಿಗೆ ಎಷ್ಟು ಗಂಟೆ, ಏನೇನು ಸಬ್ಜೆಕ್ಟ್ ಅನ್ನೋದೆಲ್ಲ ಜಾಹೀರಾತುಗಳಲ್ಲಿ ನೀವು ಈಗಾಗಲೇ ನೋಡಿರುತ್ತೀರಿ. ಅದನ್ನು ಬಿಡೋಣ. ನಾನು ಸೇರಿದ್ದು ಮೊದಲ ವರ್ಷದ ಅನಾಟಮಿಯಲ್ಲಿ ಮುಗ್ಗರಿಸಿದ ಮೇಲೆ. ಈಗ ಎರಡು ವರ್ಷ ತುಂಬುತ್ತಾ ಬಂತು. ಸೇವೆಯ ಹೆಸರು ಹೇಳುವುದಿಲ್ಲ, ಮುಂದೆ ಸ್ವಲ್ಪ ಬೈಗುಳವೂ ಇದೆ. ವಾರಕ್ಕೊಮ್ಮೆ ಒಂದು ಗಂಟೆ ವಿಡಿಯೊ ಕರೆ. ಒಬ್ಬರು ಟ್ಯೂಟರ್, ಒಬ್ಬನೇ ವಿದ್ಯಾರ್ಥಿ. ಜೊತೆಗೆ ‘ಮೆಂಟರಿಂಗ್’, ಅಂದರೆ ಪಾಠದಾಚೆಗೂ ನಮ್ಮನ್ನು ವಿಚಾರಿಸಿಕೊಳ್ಳೋದು, ಅಂತ ಒಂದು ಬಾಲ.

ಮೊದಲ ದಿನ ನಾನು ಪುಸ್ತಕ, ನೋಟ್ಸ್, ನಾಲ್ಕು ಬಣ್ಣದ ಹೈಲೈಟರ್ ಎಲ್ಲ ಜೋಡಿಸಿಕೊಂಡು ಕೂತಿದ್ದೆ. ಟ್ಯೂಟರ್ ಮೇಡಂ ಒಮ್ಮೆ ನೋಡಿದರು. “ಎಲ್ಲ ಮುಚ್ಚಿಡು. ಒಂದು ಖಾಲಿ ಹಾಳೆ ತಗೋ. ಬ್ರೇಕಿಯಲ್ ಪ್ಲೆಕ್ಸಸ್ ಬರಿ. ಹತ್ತು ನಿಮಿಷ.” ಅಂದರೆ ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಗೋಜಲು. ಹಿಂದಿನ ರಾತ್ರಿ ತಾನೇ ಮೂರು ಸಲ ಓದಿದ್ದೆ. ಧೈರ್ಯವಾಗಿ ಶುರು ಮಾಡಿದೆ. ಬೆನ್ನುಹುರಿಯಿಂದ ಹೊರಡುವ ಐದು ಬೇರು, ಸಿ5ರಿಂದ ಟಿ1ವರೆಗೆ, ಬಂತು. ಅವು ಕೂಡಿ ಆಗುವ ಮೂರು ಟ್ರಂಕ್ ಬಂತು. ಅಲ್ಲಿಗೆ ಪೆನ್ನು ನಿಂತಿತು. ಟ್ರಂಕ್ ಒಡೆದು ಆಗುವ ಡಿವಿಷನ್ ಆರು ಅಂತ ಗೊತ್ತು, ಅವು ಮತ್ತೆ ಕೂಡುವಾಗ ಯಾವುದು ಯಾವ ಕಾರ್ಡಿಗೆ ಸೇರುತ್ತದೆ ಅಂತ ಗೊತ್ತಿಲ್ಲ. ಮೇಡಂ ತುಟಿ ಬಿಚ್ಚಲಿಲ್ಲ. ಉಳಿದ ಆರು ನಿಮಿಷ ನಾನು ಹಾಳೆ ನೋಡುತ್ತಾ, ಅವರು ನನ್ನ ಹಾಳೆ ನೋಡುತ್ತಾ ಕೂತೆವು. ಆ ದಿನ ಸಿಟ್ಟು ಬಂದಿತ್ತು. ದುಡ್ಡು ಕೊಟ್ಟು ಸುಮ್ನೆ ಕೂರೋದಾ ಅಂತ.

ಮೂರನೇ ವಾರಕ್ಕೆ ಅದೇ ನನ್ನ ಇಷ್ಟದ ಹತ್ತು ನಿಮಿಷವಾಗಿತ್ತು. ಫೋನನ್ನು ಪುಸ್ತಕದ ರಾಶಿಗೆ ಒರಗಿಸಿ, ಕ್ಯಾಮೆರಾ ಹಾಳೆಗೆ ಮಾತ್ರ ಬೀಳುವಂತೆ ಇಡುವುದು. ಮುಖ ಕಾಣಬೇಕಿಲ್ಲ. ಒಂದು ನೀಲಿ ಪೆನ್ನು, ಒಂದು ಕೆಂಪು. ನೆನಪಿದ್ದದ್ದೆಲ್ಲ ನೀಲಿಯಲ್ಲಿ. ಹತ್ತು ನಿಮಿಷ ಮುಗಿದ ಮೇಲೆ ಪುಸ್ತಕ ತೆಗೆದು, ಬಿಟ್ಟುಹೋದದ್ದನ್ನು ಕೆಂಪಿನಲ್ಲಿ ತುಂಬುವುದು. ಬಲಗಡೆ ಮೂಲೆಯಲ್ಲಿ ತಾರೀಖು. ಮುಂದಿನ ವಾರ ಹೊಸ ವಿಷಯಕ್ಕೆ ಮುಂಚೆ ಹಳೆಯ ಹಾಳೆಯ ಕೆಂಪು ಭಾಗವನ್ನು ಮತ್ತೆ ಖಾಲಿ ಹಾಳೆಯಲ್ಲಿ ಬರೆಯಬೇಕು. ಕೆಂಪು ಕಮ್ಮಿಯಾಗುತ್ತಾ ಹೋಗೋದನ್ನು ನೋಡುವುದರಲ್ಲಿ ಒಂದು ಮಜಾ ಇದೆ, ಅದನ್ನು ಯಾವ ರ‍್ಯಾಂಕ್ ಪಟ್ಟಿಯೂ ನನಗೆ ಕೊಟ್ಟಿಲ್ಲ. ಮಸ್ಕ್ಯುಲೋಕ್ಯುಟೇನಿಯಸ್, ಮೀಡಿಯನ್, ಅಲ್ನಾರ್ ಈ ಮೂರು ನರಗಳು ಕಂಕುಳಿನ ರಕ್ತನಾಳದ ಮುಂದೆ ಇಂಗ್ಲಿಷಿನ ‘ಎಂ’ ಅಕ್ಷರದ ಆಕಾರ ಮಾಡುತ್ತವೆ. ಅದು ನನ್ನ ಕೈಯಿಂದಲೇ ಹಾಳೆಯ ಮೇಲೆ ಮೂಡಿದ ದಿನ ನಾನು ಫೋಟೊ ತೆಗೆದಿಟ್ಟುಕೊಂಡೆ.

ಚಿತ್ರ ಆದಮೇಲೆ ಪ್ರಶ್ನೆ ಬರುತ್ತಿತ್ತು. “ಇಲ್ಲಿ ಕತ್ತರಿ ಹಾಕಿದೆ ಅಂದ್ಕೋ. ಕೈ ಹೇಗೆ ಕಾಣುತ್ತೆ? ಮಾಡಿ ತೋರಿಸು.” ಅಪ್ಪರ್ ಟ್ರಂಕಿಗೆ ಏಟು ಬಿದ್ದರೆ ತೋಳು ಒಳಗೆ ತಿರುಗಿ, ಮೊಣಕೈ ನೇರವಾಗಿ ಇಳಿಬೀಳುತ್ತದೆ. ತೋಳಿನ ಮೂಳೆ ನಡುವೆ ಮುರಿದು ರೇಡಿಯಲ್ ನರಕ್ಕೆ ಪೆಟ್ಟಾದರೆ ಮಣಿಕಟ್ಟು ಎತ್ತಲಾಗದೆ ಜೋಲುತ್ತದೆ. ರೂಮಿನಲ್ಲಿ ಒಬ್ಬನೇ ಕೈ ಜೋಲಿಸಿಕೊಂಡು ಕೂತಿದ್ದನ್ನು ಯಾರಾದರೂ ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ.

ಇದು ಮೇಡಂ ಕಂಡುಹಿಡಿದದ್ದೇನಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗವೊಂದಿದೆ. ಓದಿದ ಐದು ನಿಮಿಷಕ್ಕೇ ಪರೀಕ್ಷೆ ಇಟ್ಟಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ನೋಡಿದರೆ ಉಲ್ಟಾ. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೇ ಜಾಸ್ತಿ ಉಳಿದಿತ್ತು. ಈ ‘ಐದು ನಿಮಿಷ’ವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮೆಂಟರಿಂಗ್ ಬಾಲದ ವಿಚಾರ. ಪ್ರತಿ ಭಾನುವಾರ ಒಂದು ಫಾರ್ಮ್ ಬರುತ್ತದೆ. ‘ಈ ವಾರ ಹೇಗಿದ್ದೀರಿ?’ ಒಂದರಿಂದ ಐದು, ಐದು ಮುಖಗಳು. ನಾನು ಯಾವಾಗಲೂ ನಾಲ್ಕನೆಯ ಮುಖ ಒತ್ತುತ್ತಿದ್ದೆ. ಎಲ್ಲರೂ ಹಾಗೇ ಅಲ್ವಾ? ಎರಡನೇ ವರ್ಷ ಒಮ್ಮೆ, ನಿದ್ದೆಯಿಲ್ಲದೆ ಹತ್ತು ದಿನ ಕಳೆದ ಮೇಲೆ, ಏನಾಗುತ್ತೋ ನೋಡೋಣ ಅಂತ ಮೊದಲನೆಯ ಮುಖ ಒತ್ತಿದೆ. ಒಂದು ನಿಮಿಷದಲ್ಲಿ ಮೇಲ್ ಬಂತು. ನಿಧಾನವಾಗಿ ಉಸಿರಾಡುವುದು ಹೇಗೆ ಅಂತ ಒಂದು ವಿಡಿಯೊ. ಅಷ್ಟೇ. ಯಾರೂ ಫೋನ್ ಮಾಡಲಿಲ್ಲ.

ಅದೇ ವಾರದ ಕ್ಲಾಸಿನಲ್ಲಿ ಹಾಳೆಯ ಮೇಲೆ ಕಿಡ್ನಿಯ ನೆಫ್ರಾನ್, ಅಂದರೆ ರಕ್ತ ಸೋಸುವ ಸಣ್ಣ ನಳಿಕೆ, ಬರೆಯಬೇಕಿತ್ತು. ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಆ ನಳಿಕೆ ‘ಯು’ ಆಕಾರದಲ್ಲಿ ತಿರುಗುವ ಲೂಪ್ ಆಫ್ ಹೆನ್ಲೆವರೆಗೆ ಬಂದು, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಪೆನ್ನು ಎಳೆಯುತ್ತಾ ಇದ್ದೆನಂತೆ. ನನಗೆ ಗೊತ್ತಾಗಿಲ್ಲ. ಮೇಡಂ ನಾಲ್ಕನೇ ನಿಮಿಷಕ್ಕೆ ಬಾಯಿ ಬಿಟ್ಟರು. ಹತ್ತು ನಿಮಿಷದೊಳಗೆ ಅವರು ಮಾತಾಡಿದ್ದು ಅದೇ ಮೊದಲು. “ಪೆನ್ನು ಕೆಳಗಿಡು. ಎಷ್ಟು ದಿನ ಆಯ್ತು ನಿದ್ದೆ ಮಾಡಿ?” ಉಳಿದ ಹೊತ್ತು ಪಾಠ ಆಗಲಿಲ್ಲ. ಯಾರ ಹತ್ತಿರ ಹೋಗಬೇಕು, ಕಾಲೇಜಿನಲ್ಲಿ ಯಾರಿಗೆ ಹೇಳಬೇಕು, ಯಾವ ಪೇಪರನ್ನು ಈ ವಾರ ಬಿಟ್ಟುಬಿಡಬಹುದು ಅಂತ ಒಂದೊಂದಾಗಿ ಬರೆಸಿದರು. ಆಪ್ತಸಮಾಲೋಚಕರ ಹತ್ತಿರ ಹೋಗಿದ್ದು ಆಮೇಲೆ. ನನಗೆ ಸಿಕ್ಕ ಮೆಂಟರಿಂಗ್ ಅದು. ಆ ಐದು ಮುಖಗಳ ಫಾರ್ಮ್ ಅಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟು ಹೋಗುತ್ತಿದ್ದೆ. ಆದರೆ ವರ್ಷದ ಚಂದಾ ನವೀಕರಿಸಿದ ಎರಡನೇ ವಾರಕ್ಕೆ ಕರೆಯಲ್ಲಿ ಬೇರೆ ಮುಖ. ಮೇಡಂ ತಮ್ಮ ಪಿಜಿ (ಸ್ನಾತಕೋತ್ತರ) ಕೆಲಸದ ಒತ್ತಡಕ್ಕೆ ಟ್ಯೂಷನ್ ಬಿಟ್ಟರಂತೆ. ಬಿಡಲಿ, ಅವರ ತಪ್ಪಲ್ಲ. ಆದರೆ ನವೀಕರಣಕ್ಕೆ ಮುಂಚೆ ಒಂದು ಮಾತು ಹೇಳಬಹುದಿತ್ತಲ್ಲ? ದುಡ್ಡು ವಾಪಸ್ ಕೇಳಿದರೆ, “ನೀವು ಚಂದಾ ಕಟ್ಟಿರೋದು ಸೇವೆಗೆ, ವ್ಯಕ್ತಿಗಲ್ಲ” ಅಂತ ಉತ್ತರ. ನಾನು ಅದಕ್ಕಾಗಿ ಜೂನಿಯರ್‌ಗಳಿಗೆ ನೋಟ್ಸ್ ಟೈಪ್ ಮಾಡಿಕೊಟ್ಟು ಕೂಡಿಸಿಟ್ಟ ದುಡ್ಡು ಅದು. ಮನೆಯಲ್ಲಿ ಕೇಳುವ ಮುಖ ಇರಲಿಲ್ಲ.

ಹೊಸ ಸರ್ ಬುದ್ಧಿವಂತರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಲೈಡ್ ಹಾಕಿದರೆ ಒಂದು ಗಂಟೆ ಅವರೇ ಮಾತಾಡುತ್ತಿದ್ದರು. ಹಾರ್ಟ್ ಫೇಲ್ಯೂರ್ ಅಷ್ಟು ಚಂದ ವಿವರಿಸಿದವರನ್ನು ನಾನು ನೋಡಿಲ್ಲ. ಕರೆ ಮುಗಿದಾಗ ಎಲ್ಲ ಅರ್ಥವಾಯಿತು ಅಂತ ಖುಷಿಯಲ್ಲಿದ್ದೆ. ಒಂಬತ್ತು ದಿನದ ನಂತರ ಆಸ್ಪತ್ರೆಯ ವಾರ್ಡಿನಲ್ಲಿ ಪಾಠ ಮಾಡುವ ಡಾಕ್ಟರ್, “ಈ ರೋಗಿಗೆ ಮಲಗಿದರೆ ಯಾಕೆ ಉಸಿರು ಕಟ್ಟುತ್ತೆ?” ಅಂತ ಕೇಳಿದರು. ಮಲಗಿದಾಗ ಕಾಲಿನ ಕಡೆಯ ರಕ್ತ ಎದೆಗೆ ವಾಪಸ್ ಬರುತ್ತದೆ, ಸೋತ ಹೃದಯ ಅದನ್ನು ಮುಂದೆ ತಳ್ಳಲಾರದೆ ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ಇಷ್ಟು ಹೇಳಿದ್ದರೆ ಸಾಕಿತ್ತು. ನನ್ನ ಬಾಯಿಂದ ಬಂದದ್ದು ಸ್ಲೈಡಿನ ಬಣ್ಣ ಮಾತ್ರ, ನೀಲಿ ಹಿನ್ನೆಲೆ ಇತ್ತು ಅಂತ. ಅದೇ ಆ ‘ಐದು ನಿಮಿಷ’ದ ಖುಷಿ.

ಮೂರು ತಿಂಗಳು ಗೊಣಗಿಕೊಂಡೇ ಹಾಜರಿ ಹಾಕಿದೆ. ಮುಂದಿನ ಚಂದಾ ಬೇಡ ಅಂತ ತೀರ್ಮಾನವೂ ಆಗಿತ್ತು. ಆಮೇಲೆ ಒಂದು ದಿನ, ಕಳೆದುಕೊಳ್ಳೋದು ಏನಿದೆ ಅಂತ ಕೇಳಿಯೇಬಿಟ್ಟೆ. “ಸರ್, ಸ್ಲೈಡ್ ಬೇಡ. ಮೊದಲು ಹತ್ತು ನಿಮಿಷ ನಾನು ಬರೀತೀನಿ, ನೀವು ಸುಮ್ನೆ ಇರಿ.” ಅವರಿಗೆ ಸ್ವಲ್ಪ ಬೇಜಾರಾಯಿತು ಅನಿಸುತ್ತದೆ. ಆಮೇಲೆ, “ಸರಿ, ನಾನೂ ಬರೀತೀನಿ” ಅಂದರು. ಇಬ್ಬರೂ ಬ್ರೇಕಿಯಲ್ ಪ್ಲೆಕ್ಸಸ್ ಬರೆದೆವು. ಅವರು ಲಾಂಗ್ ಥೊರಾಸಿಕ್ ನರ ಬಿಟ್ಟಿದ್ದರು. ಕೆಂಪು ಪೆನ್ನು ಹುಡುಕಿ ತರಲು ಅವರು ಎದ್ದು ಹೋದ ಸದ್ದು ಕೇಳಿಸಿತು. ಈಗ ಪ್ರತಿ ವಾರ ಎರಡು ಹಾಳೆ. ಅವರದ್ದರಲ್ಲೂ ಕೆಂಪು ಇರುತ್ತದೆ, ನನ್ನದಕ್ಕಿಂತ ಕಮ್ಮಿ.

ಪ್ರಾಕ್ಟಿಕಲ್ ಪರೀಕ್ಷೆಯ ತಯಾರಿಗೆ ಇರುವ ಅಣಕು ಸ್ಟೇಷನ್‌ಗಳು (ಗೊತ್ತಾದ ಸಮಯದೊಳಗೆ ಒಂದೊಂದೇ ಕೆಲಸ ಮಾಡಿ ಮುಂದಿನದಕ್ಕೆ ಹೋಗುವುದು) ಚೆನ್ನಾಗಿವೆ, ಸಮಯದ ಗಂಟೆ ಬಾರಿಸುವುದು ಮಾತ್ರ ಒಮ್ಮೊಮ್ಮೆ ತಡ. ಪ್ರಶ್ನೆ ಬ್ಯಾಂಕ್ ನಾನು ಬಳಸಿಲ್ಲ. ಆ್ಯಪ್ ಬಗ್ಗೆ ಹೇಳುವಂಥದ್ದೇನಿಲ್ಲ, ತೆರೆಯುತ್ತದೆ.

ಸ್ಟಾರ್ ಮೂರು. ಕ್ಲಾಸಿನಲ್ಲಿ ಪಾಠ ಕೇಳಿಯೇ ಕಲಿಯುವವರಿಗೆ ಇದು ದುಬಾರಿ, ಲೆಕ್ಚರ್ ಬೇರೆ ಕಡೆ ಪುಕ್ಕಟೆ ಸಿಗುತ್ತದೆ. ಡೆಮೊ ತೆಗೆದುಕೊಳ್ಳುವುದಾದರೆ ಆ ಒಂದು ಗಂಟೆಯಲ್ಲಿ ನೀವು ಎಷ್ಟು ನಿಮಿಷ ಮಾತಾಡಿದಿರಿ ಅಂತ ಲೆಕ್ಕ ಇಡಿ. ಟ್ಯೂಟರ್ ಎಲ್ಲಿಯವರೆಗೆ ಇರುತ್ತಾರೆ ಅಂತ ಬರಹದಲ್ಲೇ ಕೇಳಿ ತಗೊಳ್ಳಿ. ನನ್ನ ಚಂದಾ ಮುಂದಿನ ತಿಂಗಳು ಮುಗಿಯುತ್ತದೆ. ಈ ಸಲ ವರ್ಷಕ್ಕೆ ಕಟ್ಟುವುದಿಲ್ಲ, ಮೂರು ತಿಂಗಳಿಗೆ ಮಾತ್ರ.