‘ಬೆಸ್ಪೋಕ್’ ಎಂದು ನಂಬಿ ತಮ್ಮನ ಮದುವೆಗೆ ಸೂಟು ಹೊಲಿಸಿ ಮೋಸಹೋದೆವು. ರಜೆಯಲ್ಲಿ ಬರುವ ಮದುಮಗನಿರುವ ಮನೆಯವರು ದಯವಿಟ್ಟು ಓದಿ

ಇನ್ನೇನು ಮದುವೆಗಳು ಶುರುವಾಗುತ್ತವೆ. ಗಲ್ಫಿನಿಂದ ಹತ್ತು ಹದಿನೈದು ದಿನದ ರಜೆ ಹಾಕಿ ಬರುವ ಹುಡುಗರ ಮನೆಯವರು ಈಗಲೇ ಸೂಟಿನ ವಿಚಾರಣೆಯಲ್ಲಿರುತ್ತೀರಿ. ನಮಗಾದದ್ದು ನಿಮಗೆ ಆಗಬಾರದು ಎಂದು ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುವುದಿಲ್ಲ. ದೂರು ಕೊಟ್ಟಿದ್ದೇವೆ, ಅದು ಅದರ ದಾರಿಯಲ್ಲಿ ನಡೆಯಲಿ.

ನನ್ನ ತಮ್ಮ ಮಸ್ಕತ್ತಿನಲ್ಲಿದ್ದಾನೆ. ಫೆಬ್ರವರಿಯಲ್ಲಿ ನಿಶ್ಚಿತಾರ್ಥಕ್ಕೆ ಆರು ದಿನದ ಮಟ್ಟಿಗೆ ಮಂಗಳೂರಿಗೆ ಬಂದಿದ್ದ. ಮದುವೆ ಮೇ ತಿಂಗಳಲ್ಲಿ. ಮುಹೂರ್ತಕ್ಕೆ ಹೇಗೂ ಪಂಚೆ ಶಲ್ಯ, ಸಂಜೆ ರಿಸೆಪ್ಶನ್ನಿಗೆ ಸೂಟು ಎಂದು ಮಾತಾಯಿತು. ಅವನಿಗೆ ರೆಡಿಮೇಡ್ ಕೋಟು ಕೂರುವುದಿಲ್ಲ. ಪಿಯುಸಿಯಲ್ಲಿರುವಾಗ ಕಬಡ್ಡಿಯಲ್ಲಿ ಬಿದ್ದು ಬಲಗಡೆಯ ಕಾಲರ್ ಬೋನ್ ಮುರಿದಿತ್ತು. ಎಲುಬು ಕೂಡಿತು, ಭುಜ ಮಾತ್ರ ಸ್ವಲ್ಪ ಕೆಳಗೆ ಇಳಿದ ಹಾಗೆಯೇ ಉಳಿಯಿತು. ಅಂಗಿ ಹಾಕಿದರೆ ಗೊತ್ತಾಗುವುದಿಲ್ಲ, ಕೋಟು ಹಾಕಿದರೆ ಎದ್ದು ಕಾಣುತ್ತದೆ. ಅವನ ಮೈಗೆಂದೇ ಹೊಲಿದ ಒಂದು ಸೂಟು ಮದುವೆಗಾದರೂ ಇರಲಿ ಎಂಬುದು ಅಮ್ಮನ ಆಸೆ.

ಪೇಟೆಯ ಒಂದು ದೊಡ್ಡ ಶೋರೂಮಿಗೆ ಹೋದೆವು. ಗಾಜಿನ ಮೇಲೆ ‘ಬೆಸ್ಪೋಕ್’ ಎಂದು ಬರೆದಿತ್ತು, ಅಂದರೆ ಒಬ್ಬೊಬ್ಬರ ಮೈಗೆಂದೇ ಬೇರೆಯಾಗಿ ಕತ್ತರಿಸಿ ಹೊಲಿಯುವುದು. ಅಲ್ಲಿದ್ದ ಹುಡುಗ ತಮ್ಮನಿಗೆ ನಲವತ್ತರ ಸೈಜಿನ ಒಂದು ಸ್ಯಾಂಪಲ್ ಕೋಟು ಹಾಕಿಸಿದ. ಎದೆ, ಸೊಂಟ, ತೋಳಿನ ಉದ್ದ ಟೇಪಿನಲ್ಲಿ ನೋಡಿ, ಇಲ್ಲಿ ಅರ್ಧ ಇಂಚು ಜಾಸ್ತಿ, ಅಲ್ಲಿ ಒಂದು ಇಂಚು ಕಮ್ಮಿ ಎಂದು ಟ್ಯಾಬಿನಲ್ಲಿ ಒತ್ತಿಕೊಂಡ. ಹತ್ತು ನಿಮಿಷದಲ್ಲಿ ಮುಗಿಯಿತು. ಭುಜದ ವಿಷಯ ನಾನೇ ಎತ್ತಿದೆ.

“ಅದೆಲ್ಲ ಸಿಸ್ಟಮಿನಲ್ಲಿ ಬರ್ತದೆ ಮೇಡಂ,” ಎಂದ.

“ಟ್ರಯಲ್ ಯಾವಾಗ ಉಂಟು?”

“ಟ್ರಯಲ್ ಎಂತಕ್ಕೆ ಮೇಡಂ? ನೇರ ಡೆಲಿವರಿ ಕೊಡ್ತೇವೆ. ಪರ್ಫೆಕ್ಟ್ ಬರ್ತದೆ.”

ನಾನು ಅಲ್ಲಿಂದ ಎದ್ದು ಬರಬೇಕಿತ್ತು. ನಲವತ್ತಾರು ಸಾವಿರ ರೂಪಾಯಿ ಪೂರ್ತಿ ಕಟ್ಟಿ ಬಂದೆವು.

ಆಮೇಲೆ ತಿಳಿದುಕೊಂಡದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆಸ್ಪೋಕ್ ಎಂಬ ಮಾತು ಲಂಡನ್ನಿನ ಸ್ಯಾವಿಲ್ ರೋ ಎಂಬ ದರ್ಜಿಗಳ ಬೀದಿಯದ್ದು. ಇಂಥ ಗಿರಾಕಿಗೆಂದು ‘ಮಾತಾಗಿರುವ’ ಬಟ್ಟೆ ಎಂಬುದರಿಂದ ಆ ಹೆಸರು ಬಂತು ಎನ್ನುತ್ತಾರೆ. ಅಲ್ಲಿ ಕಟಿಂಗ್ ಮಾಸ್ಟರ್ ಗಿರಾಕಿಯ ಮೈ ನೋಡಿ ಅವನೊಬ್ಬನಿಗಾಗಿಯೇ ಕಾಗದದ ಮೇಲೆ ನಕ್ಷೆ ಎಳೆಯುತ್ತಾನೆ. ಬಟ್ಟೆ ಕತ್ತರಿಸಿ ಬಿಳಿ ನೂಲಿನಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಡಿಸುತ್ತಾನೆ, ತಪ್ಪು ಕಂಡಲ್ಲಿ ಚಾಕಿನಲ್ಲಿ ಗುರುತು ಮಾಡಿ ಬಿಚ್ಚುತ್ತಾನೆ, ಮತ್ತೆ ತೊಡಿಸುತ್ತಾನೆ. ಒಂದು ಸೂಟಿಗೆ ಕಡಿಮೆಯೆಂದರೂ 50 ಗಂಟೆಯ ಕೈಕೆಲಸ ಇರಬೇಕೆಂದು ಆ ಬೀದಿಯ ದರ್ಜಿಗಳ ಸಂಘದ ನಿಯಮವಿದೆ. ಮೇಡ್ ಟು ಮೆಷರ್ ಎಂದರೆ ಕಾರ್ಖಾನೆಯಲ್ಲಿ ಮೊದಲೇ ತಯಾರಿರುವ ನಕ್ಷೆಯನ್ನು ನಿಮ್ಮ ಅಳತೆಗೆ ಹೊಂದಿಸಿ ಕತ್ತರಿಸುವುದು. ಸ್ಯಾಂಪಲ್ ಕೋಟು ಹಾಕಿಸಿ ನೋಡುವುದು ಈ ಎರಡನೆಯದರ ಕ್ರಮ. ನಮ್ಮ ಕಣ್ಣೆದುರೇ ಆದದ್ದು ಅದು, ನಮಗೆ ತಿಳಿಯಲಿಲ್ಲ.

ಮೇಡ್ ಟು ಮೆಷರ್ ಕಳಪೆ ಎಂದು ನಾನು ಹೇಳುವುದಿಲ್ಲ. ಸಾಧಾರಣ ಮೈಕಟ್ಟಿನವರಿಗೆ ಅದು ಒಳ್ಳೆಯ ಆಯ್ಕೆ. ನನ್ನ ಯಜಮಾನರು ಎರಡು ವರ್ಷ ಹಿಂದೆ ಬೇರೆ ಕಡೆ ಹಾಗೆಯೇ ಹೊಲಿಸಿದ ಕೋಟು ಇವತ್ತಿಗೂ ಚೆನ್ನಾಗಿದೆ, ಅದಕ್ಕೆ ಕೊಟ್ಟದ್ದು ಇಪ್ಪತ್ತೆರಡು ಸಾವಿರ. ನಮ್ಮಿಂದ ಒಂದರ ಹೆಸರು ಹೇಳಿ ದುಡ್ಡು ತೆಗೆದುಕೊಂಡು ಇನ್ನೊಂದನ್ನು ಕೊಟ್ಟರು. ನನ್ನ ಸಿಟ್ಟು ಅದಕ್ಕೆ. ಆ ಪದಕ್ಕೆ ಹುಟ್ಟೂರಿನಲ್ಲೂ ರಕ್ಷಣೆ ಇಲ್ಲ. ಯಂತ್ರದಲ್ಲಿ ಕತ್ತರಿಸಿದ ಸೂಟನ್ನೂ ಬೆಸ್ಪೋಕ್ ಎಂದು ಕರೆಯಬಹುದೆಂದು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2008ರಲ್ಲಿಯೇ ಹೇಳಿಬಿಟ್ಟಿದೆ. ಹಾಗಾಗಿ ಬೋರ್ಡಿನ ಮೇಲಿನ ಅಕ್ಷರವನ್ನು ನಂಬಬೇಡಿ.

ತಮ್ಮ ಬಂದಿಳಿದದ್ದು ಮದುವೆಗೆ ಒಂಬತ್ತು ದಿನ ಇರುವಾಗ. ಸೂಟು ಕೈಗೆ ಸಿಕ್ಕಿದ್ದು ಐದು ದಿನ ಇರುವಾಗ. ಮನೆಯ ಹಾಲಿನಲ್ಲಿ ಕಿಟಕಿಯ ಬೆಳಕಿಗೆ ನಿಲ್ಲಿಸಿ ತೊಡಿಸಿದೆವು. ಹಿಂದುಗಡೆ ಕಾಲರು ಕತ್ತಿಗೆ ತಾಗದೆ ಒಂದು ಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು. ಬಲಗಡೆ ಕತ್ತಿನ ಬುಡದಿಂದ ಕಂಕುಳಿನವರೆಗೆ ಓರೆಯಾಗಿ ಒಂದು ಮಡಿಕೆ. ಅಮ್ಮ ಅಂಗೈಯಿಂದ ಆ ಮಡಿಕೆಯನ್ನು ಸವರಿ ಸವರಿ ಕೆಳಗೆ ಎಳೆದರು. ಕೈ ತೆಗೆದ ಕೂಡಲೇ ಅದು ಮತ್ತೆ ಬರುತ್ತಿತ್ತು. ತಮ್ಮ ಕನ್ನಡಿ ನೋಡಿ, “ಪರವಾಗಿಲ್ಲ ಅಕ್ಕ, ಫೋಟೋದಲ್ಲಿ ಎಡಗಡೆ ಮಾತ್ರ ಕಾಣುವ ಹಾಗೆ ತಿರುಗಿ ನಿಲ್ತೇನೆ,” ಎಂದ. ಅವನ ಆ ಮಾತು ನನ್ನಿಂದ ಸಹಿಸಲಿಕ್ಕಾಗಲಿಲ್ಲ.

ಶೋರೂಮಿನವರು ಕಾರ್ಖಾನೆಗೆ ಕಳಿಸಬೇಕು, ಮೂರು ವಾರ ಬೇಕು ಎಂದರು. ಗುರುತಿನವರೊಬ್ಬರು ರಥಬೀದಿಯ ಹತ್ತಿರ ಹಳೆಯ ಕಟ್ಟಡವೊಂದರ ಮಹಡಿಯಲ್ಲಿರುವ ವಯಸ್ಸಾದ ದರ್ಜಿಯ ಹತ್ತಿರ ಕಳಿಸಿದರು. ಮಾಸ್ಟ್ರು ಮಾತಾಡದೆ ತಮ್ಮನನ್ನು ನಿಲ್ಲಿಸಿ ಹಿಂದಿನಿಂದ ಎರಡು ನಿಮಿಷ ನೋಡಿದರು. ಆಮೇಲೆ ಕೋಟಿನ ಒಳಗಿನ ಲೈನಿಂಗು ಸ್ವಲ್ಪ ಬಿಚ್ಚಿ, ಹೊಲಿಗೆಯ ಅಂಚನ್ನು ಉಗುರಿನಲ್ಲಿ ಎತ್ತಿ ತೋರಿಸಿದರು.

“ನೋಡಿ ಅಮ್ಮ, ಒಳಗೆ ಬಟ್ಟೆಯೇ ಬಿಟ್ಟಿಲ್ಲ. ಬಿಡಿಸುವ ಅಂದ್ರೆ ಎಲ್ಲಿಂದ ಬಿಡಿಸುದು? ಎರಡೂ ಭುಜ ಒಂದೇ ಲೆಕ್ಕದಲ್ಲಿ ಕಟ್ ಮಾಡಿದ್ದಾರೆ.”

ಕೋಟಿನ ಮುಂಭಾಗವನ್ನು ಗುಂಡಿಯ ಹತ್ತಿರ ಎರಡು ಬೆರಳಲ್ಲಿ ಹಿಡಿದು ಉಜ್ಜಲು ಹೇಳಿದರು. ಒಳಗೆ ಕ್ಯಾನ್ವಾಸ್, ಅಂದರೆ ಕೋಟಿಗೆ ಆಕಾರ ಕೊಡುವ ಒಳಬಟ್ಟೆ, ಕೈಯಲ್ಲಿ ಹೊಲಿದಿದ್ದರೆ ಹೊರಬಟ್ಟೆ ಮತ್ತು ಲೈನಿಂಗಿನ ನಡುವೆ ಮೂರನೆಯ ಪದರ ಬೇರೆಯಾಗಿ ಜಾರುವುದು ಬೆರಳಿಗೆ ಗೊತ್ತಾಗುತ್ತದಂತೆ. ನಮ್ಮದರಲ್ಲಿ ಹೊರಬಟ್ಟೆ ದಪ್ಪ ಕಾಗದದ ಹಾಗೆ ಬಿಗಿಯಾಗಿ ಅಂಟಿಕೊಂಡಿತ್ತು. ಪೇಸ್ಟಿಂಗ್ ಎಂದರೆ ಇದು, ಬಿಸಿಯಲ್ಲಿ ಅಂಟಿಸಿದ್ದು. ನಲವತ್ತಾರು ಸಾವಿರಕ್ಕೆ ಅಂಟು! ಮಾಸ್ಟ್ರು ಬಲಭುಜದೊಳಗೆ ತೆಳ್ಳಗೆ ಒಂದು ಪ್ಯಾಡು ಸೇರಿಸಿ, ಕಾಲರು ಬಿಚ್ಚಿ ಕೂರಿಸಿ, ಮೂರು ದಿನದಲ್ಲಿ ಮಡಿಕೆಯನ್ನು ಅರ್ಧಕ್ಕೆ ಇಳಿಸಿದರು. ರಿಸೆಪ್ಶನ್ ಹಾಗೆ ಕಳೆಯಿತು.

ಜುಲೈಯಲ್ಲಿ ಡ್ರೈವಾಷಿನಿಂದ ಬಂದ ಕೋಟಿನ ಎದೆಯ ಮೇಲೆ ಮಡಚಿ ಕೂರುವ ಲ್ಯಾಪೆಲ್ ಪಟ್ಟಿಯಲ್ಲಿ ಬೆವರುಸಾಲೆಯ ಹಾಗೆ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ಅಂಟು ಬಿಟ್ಟಿದೆ. ಒಮ್ಮೆ ಬಿಟ್ಟರೆ ಸರಿಮಾಡಲಿಕ್ಕಿಲ್ಲ ಎಂದರು ಮಾಸ್ಟ್ರು.

ಕೇಳಲು ಹೋದರೆ ಶೋರೂಮಿನವರು ಬಿಲ್ಲು ತೋರಿಸಿ ಎಂದರು. ಬಿಲ್ಲಿನಲ್ಲಿದ್ದದ್ದು ‘ಕಸ್ಟಮ್ ಸೂಟ್, 1’ ಎಂದಷ್ಟೆ. ಬೆಸ್ಪೋಕ್ ಎಂಬ ಪದ ಎಲ್ಲೂ ಇಲ್ಲ, ಕ್ಯಾನ್ವಾಸ್ ಎಂದಿಲ್ಲ, ಟ್ರಯಲ್ ಎಂದಿಲ್ಲ. ಗಾಜಿನ ಮೇಲಿನ ಅಕ್ಷರದ ಫೋಟೋ ಅದೃಷ್ಟಕ್ಕೆ ತಮ್ಮನ ಫೋನಿನಲ್ಲಿತ್ತು. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇವೆ. ಅಲ್ಲಿ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು.

ನೀವು ಹೊಲಿಸಲು ಹೋದಾಗ ಮೊದಲು ಕೇಳಬೇಕಾದ್ದು, ಬಟ್ಟೆ ಕತ್ತರಿಸುವವರು ಯಾರು, ಅವರು ಹುಡುಗನನ್ನು ನೋಡುತ್ತಾರೋ ಎಂದು. ಕಚ್ಚಾ ಹೊಲಿಗೆಯ ಟ್ರಯಲ್ ಎಷ್ಟು, ಒಳಗೆ ಕ್ಯಾನ್ವಾಸೋ ಪೇಸ್ಟಿಂಗೋ, ಹೊಲಿಗೆಯೊಳಗೆ ಬಟ್ಟೆ ಬಿಡುತ್ತಾರೋ ಕೇಳಿ, ಹೇಳಿದ್ದನ್ನೆಲ್ಲ ಬಿಲ್ಲಿನಲ್ಲಿ ಬರೆಸಿ. ಬರೆಯುವುದಿಲ್ಲ ಎಂದರೆ ಪೂರ್ತಿ ದುಡ್ಡು ಕೊಡಬೇಡಿ. ಹುಡುಗ ಊರಿನಲ್ಲೇ ಇಲ್ಲದಿದ್ದರೆ ಬೆಸ್ಪೋಕ್ ಎಂಬುದು ಆಗದ ಮಾತು, ಏಕೆಂದರೆ ತೊಡಿಸಿ ನೋಡಲಿಕ್ಕೆ ಮೈಯೇ ಇಲ್ಲ. ಅಂಥವರು ಮೇಡ್ ಟು ಮೆಷರ್ ಅನ್ನು ಅದರದ್ದೇ ಬೆಲೆಗೆ ಹೊಲಿಸಿ, ಬಂದ ಮೇಲೆ ಆಲ್ಟರೇಶನ್ನಿಗೆ ವಾರವಾದರೂ ಉಳಿಸಿಕೊಳ್ಳಿ.

ಚಿಕ್ಕಪ್ಪನ ಮಗನಿಗೆ ಡಿಸೆಂಬರಿನಲ್ಲಿ ಮದುವೆ. ದುಬೈಯಿಂದ ಅಕ್ಟೋಬರಿನಲ್ಲಿ ಐದು ದಿನಕ್ಕೆ ಬರುತ್ತಾನೆ. ಮಾಸ್ಟ್ರ ಹತ್ತಿರ ಕೇಳಿದೆ. “ಬಂದ ದಿನವೇ ಕರ್ಕೊಂಡು ಬನ್ನಿ, ನಾಲ್ಕನೇ ದಿನ ಕಚ್ಚಾ ಟ್ರಯಲ್ ಕೊಡ್ತೇನೆ. ಉಳಿದದ್ದು ಡಿಸೆಂಬರಿಗೆ ಬಂದಾಗ ನೋಡುವ. ಬಟ್ಟೆ ಮಾತ್ರ ಈಗಲೇ ತೆಗೀಬೇಡಿ, ನಾನು ಅವನನ್ನು ಒಮ್ಮೆ ನೋಡ್ಬೇಕು,” ಎಂದರು.